ಕೆಸರಪ್ಪನ ಹಾಳೆಗಳು

ಹುಮನಾಬಾದ
ರವಿವಾರ, ೧೨ ಫೆಬ್ರವರಿ ೧೯೮೪

ಚಿ. ಸೌ. ಶಕುಂತಲಾಗೆ ಅಪ್ಪನ ಆಶೀರ್ವಾದ.

ಹಾಗಲ್ಲವ್ವಾ, ಗೆದ್ದಲಿನ ಮಾತು ಅಷ್ಟಕ್ಕೇ ಮುಗಿಯುವುದಾಗಿರಲಿಲ್ಲ. ನಾನು ಇನ್ನೂ ಏನೋ ಹೇಳುವವನಿದ್ದೆ. ಅಷ್ಟರಲ್ಲಿ ಕಲ್ಯಾಣದ ಬಸ್ಸು ಬಂತು, ನೀನು ಕೂಸನ್ನು ಎತ್ತಿಕೊಂಡು ಹತ್ತಿಬಿಟ್ಟೆ. ಕಿಟಕಿಯಿಂದ ನೀನು ಕೇಳಿದ್ದು ನಿನ್ನೆಯಿಂದ ನನ್ನ ಕಿವಿಯಲ್ಲೇ ಇದೆ: “ಅಪ್ಪಾ, ಪುಸ್ತಕ ಹೋದ್ರ ಹೋಗ್ಲಿ. ಕೆಸರಪ್ಪ ಕಡೀಕ ಏನಾದ, ಅದರೇ ನೆಪ್ಪದ ಏನ್ರಿ?” ಬಸ್ಸು ಹೊಗೆ ಬಿಟ್ಟು ಹೊರಟಿತು. ನಾನು ಕೈ ಎತ್ತಿದೆ. ಟಾಟಾ ಮಾಡುತ್ತಿದ್ದೇನೆಂದು ತಿಳಿದು ಕೂಸೂ ಕೈ ಬೀಸಿತು. ನಾನು ಎತ್ತಿದ್ದು ನಿಲ್ಲು ಎನ್ನುವುದಕ್ಕೆ.

ನಿನ್ನ ಅವ್ವ ಬರೆದ ಚಿತ್ರದ ಪುಸ್ತಕವನ್ನು ಗೆದ್ದಲು ತಿಂದಿಲ್ಲ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಮೆಂತ್ಯದಿಂದ ಶುರು ಮಾಡಿ ಅಮೆರಿಕಕ್ಕೆ ಹೋಗಿ ಮುಟ್ಟುತ್ತೇನೆ. ಬೇಸಿಗೆಯಲ್ಲಿ ಎರಡು ತಿಂಗಳು ನೀನು ಧಾರವಾಡಕ್ಕೆ ಟ್ರೇನಿಂಗಿಗೆ ಹೋಗುವಾಗ ಕೂಸನ್ನು ನನ್ನ ಹತ್ತಿರ ಬಿಡುತ್ತೇನೆ ಎಂದೆ. “ನಿಮ್ಮನ್ನ ಬಿಟ್ಟು ಬ್ಯಾರೆ ಯಾರ ಮ್ಯಾಲ ಭರೋಸಾ ಇಡ್ಲಿ?” ಎಂದೆ. ಆ ಮಾತಿಗೆ ನನಗೆ ಎಷ್ಟು ಸಂತೋಷವಾಯಿತೆಂದರೆ, ಮರುಕ್ಷಣವೇ ನೀನು ಪುಸ್ತಕ ಕೇಳಿದಾಗ ಬಾಯಿಂದ ಗೆದ್ದಲು ಬಿತ್ತು. ಭರೋಸಾ ಇಡುವ ಮೊದಲು ನೀನು ಈ ಪತ್ರ ಓದಬೇಕು. ಓದಿದ ಮೇಲೆ ಕೂಸನ್ನು ಕಳಿಸದಿದ್ದರೆ ನಾನು ಏನೂ ಅನ್ನುವುದಿಲ್ಲ. ಅಂದರೂ ನೀನು ಕೇಳಬೇಡ.

ನಿನಗೆ ಆಗ ಆರು ವರ್ಷ. ಮೆಹೆಬೂಬ ಮುಂಬೈಯಿಂದ ಹೈದರಾಬಾದಿಗೆ ಲಾರಿ ಹೊಡೆಯುತ್ತಿದ್ದ; ಹೋಗುವಾಗ ನಮ್ಮ ಅಂಗಡಿಗೆ ರದ್ದಿ ಕಾಗದದ ಗಂಟು ಇಳಿಸುತ್ತಿದ್ದ. ಪುಡಿಕೆ ಕಟ್ಟುವುದಕ್ಕೆ ಬೇಕಲ್ಲ. ಒಂದು ಸಲ ಗಂಟು ಬಿಚ್ಚಿದರೆ ಒಳಗೆ ಬಣ್ಣದ ಇಂಗ್ಲಿಷ್ ಚಿತ್ರಪುಸ್ತಕಗಳು. ಸಮಾಧಿಯ ಮಣ್ಣು ಸರಿಸಿ ಮೇಲೆ ಬರುತ್ತಿರುವ ಕೈ. ಬಾವಲಿಯ ರೆಕ್ಕೆಯ ಮನುಷ್ಯ. ಎರಡು ಮಾಳಿಗೆಯಷ್ಟು ಎತ್ತರದ ಜೇಡ. “ಸಾವಕಾರ್ರ, ಎಲ್ಲಾ ಸೈತಾನರ ಫೋಟೋ ಅವ. ಖಾರಪುಡಿ ಕಟ್ಟಾಕ ಇದಕ್ಕಿಂತ ಬೆಸ್ಟ್ ಕಾಗದ ಇಲ್ಲ,” ಎಂದು ಮೆಹೆಬೂಬ ನಕ್ಕು ಲಾರಿ ಹತ್ತಿದ. ನಾನು ಮೊದಲನೆಯ ಹಾಳೆ ಹರಿಯಲು ಕೈ ಹಾಕಿದೆ. ನಿನ್ನ ಅವ್ವ ಒಳಗಿನಿಂದ ಬಂದು ಆ ಹಾಳೆಯ ಮೇಲೆ ಅಂಗೈ ಇಟ್ಟಳು. “ತಡೀರಿ,” ಎಂದಳು. “ಇಂವಾ ಯಾಕ ಅಳಾಕತ್ತಾನ, ಮೊದಲ ಅದನ್ನ ಹೇಳ್ರಿ.”

ಆ ಚಿತ್ರದಲ್ಲಿ ಜೌಗಿನಿಂದ ಎದ್ದು ನಿಂತ ಕೆಸರಿನ ಗಂಡಸು ಇದ್ದ. ಮೈತುಂಬ ಪಾಚಿ, ಬೇರು, ಕಣ್ಣೆರಡೂ ಬ್ಯಾಟರಿಯ ಹಾಗೆ. ನನಗೆ ಅವನು ಗರ್ಜಿಸುತ್ತಿರುವಂತೆ ಕಂಡಿತು. ಅವಳಿಗೆ ಅಳುತ್ತಿರುವಂತೆ ಕಂಡಿತು. ಅದೇ ಶುರು.

ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಒಂದು ಬಾಗಿಲು ಹಾಕಿ ನಡುಮನೆಯಲ್ಲಿ ಕೂರುತ್ತಿದ್ದೆವು. ಮೇಲಿನ ಬೆಳಕಿಂಡಿಯಿಂದ ತಟ್ಟೆಯಗಲದ ಬಿಸಿಲು ನೆಲಕ್ಕೆ ಬೀಳುತ್ತಿತ್ತು. ನಾನು ಪುಸ್ತಕವನ್ನು ಆ ಬಿಸಿಲಿಗೆ ಹಿಡಿಯುವುದು, ಬಿಸಿಲು ಸರಿದಂತೆ ನಾವೂ ಸರಿಯುವುದು. ಅವಳ ಮುಂದೆ ಮೊರದಲ್ಲಿ ತೊಗರಿ, ತೊಡೆಯ ಮೇಲೆ ನೀನು. ಆ ಹೊತ್ತಿಗೆ ಊರೆಂಬ ಊರೇ ನೀರಿನೊಳಗೆ ಇಳಿದ ಹಾಗಿರುತ್ತಿತ್ತು. ಹೈವೇದ ಲಾರಿಗಳ ಸದ್ದು ಎಲ್ಲೋ ಮೇಲಿನಿಂದ, ನೀರಿನ ಆಚೆಯಿಂದ ಬರುತ್ತಿತ್ತು. ಬಿಸಿಲಿನ ಕೋಲಿನಲ್ಲಿ ಧೂಳು ಈಜುತ್ತಿತ್ತು. ಈಗಲೂ ಕಣ್ಣು ಹತ್ತಿದರೆ ನಾನು ಅಲ್ಲಿಗೇ ಹೋಗುತ್ತೇನೆ. ಆದರೆ ಕನಸಿನಲ್ಲಿ ಪುಸ್ತಕ ನನ್ನ ಕೈಯಲ್ಲಿ ಇರುವುದಿಲ್ಲ.

ನನ್ನ ಇಂಗ್ಲಿಷ್ ಎಂದರೆ ಗುಲಬರ್ಗಾದಲ್ಲಿ ಇಂಟರ್ ಎರಡು ವರ್ಷ ಓದಿ, ಪಾಸಾಗದೆ ಗಂಟು ಕಟ್ಟಿದ್ದು. ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ಸಫರಿಂಗ್ ಫ್ರಮ್ ಫೀವರ್ ಎಂಬ ರಜೆಯ ಅರ್ಜಿಯೊಂದು ಪೂರ್ತಿ ಬರುತ್ತಿತ್ತು. ಆ ಪುಸ್ತಕಗಳಲ್ಲಿ ಯಾರಿಗೂ ಫೀವರ್ ಬರಲಿಲ್ಲ. ಡಂಜನ್ ಎಂದು ಬಂದರೆ ಹಗೇವು ಎಂದೆ. ನೆಲದೊಳಗಿನ ಕತ್ತಲೆ ಕೋಣೆ ಎಂದರೆ ನಮಗೆ ಜೋಳ ತುಂಬುವ ಹಗೇವಲ್ಲದೆ ಇನ್ನೇನು? ಕೌಂಟ್ ಎಂದರೆ ಗೌಡರು. ಡೂಮ್ ಎಂಬ ಶಬ್ದ ಪುಟಪುಟಕ್ಕೂ ಬರುತ್ತಿತ್ತು, ನನಗೆ ಅರ್ಥ ಗೊತ್ತಿರಲಿಲ್ಲ. ಅದು ಅವರ ಮನೆತನದ ಹೆಸರು ಎಂದುಬಿಟ್ಟೆ. “ಅಬಬಾ, ಈ ಡೂಮ್ ಮಂದಿ ಎಲ್ಲಾ ಊರಾಗೂ ಇದ್ದಾರಲ್ರಿ,” ಎಂದು ನಿನ್ನ ಅವ್ವ ಬೆರಗಾದಳು. ಹಳದಿ ಕೂದಲಿನ ಹೆಂಗಸು ಪ್ರತಿ ಕಥೆಯಲ್ಲೂ ಎಚ್ಚರ ತಪ್ಪಿ ಬೀಳುತ್ತಿದ್ದುದು ಮಾತ್ರ ಅವಳಿಗೆ ಸೇರಲಿಲ್ಲ. “ಈಕಿ ಮುಂಜಾನೆ ಹೊಟ್ಟಿಗಿ ಏನರೇ ತಿಂದು ಬಂದಾಳೋ ಇಲ್ಲೋ, ಓದಿ ನೋಡ್ರಿ.”

ಕಥೆ ಮುಗಿಯುವಲ್ಲಿ ಟು ಬಿ ಕಂಟಿನ್ಯೂಡ್ ಎಂದಿರುತ್ತಿತ್ತು. ಉಳಿದದ್ದು ಎಲ್ಲಿದೆ ಎಂದು ಅವಳು ಕೇಳುವಳು. ಅಮೆರಿಕದಲ್ಲಿ ಎನ್ನುವೆ. “ಮತ್ತ ಮೆಹೆಬೂಬಣ್ಣಗ ಹೇಳ್ರಿ, ಬರೂ ಮುಂದ ತರ್ತಾನ,” ಎನ್ನುವಳು. ಕೆಸರಿನ ಗಂಡಸಿಗೆ ಕೆಸರಪ್ಪ ಎಂದು ಹೆಸರಿಟ್ಟವಳೂ ಅವಳೇ. ಅವಳ ತವರು ಬಸವಕಲ್ಯಾಣದ ಕೋಟೆಯ ಬಗಲಿಗೆ, ನಿನಗೆ ಹೇಳಬೇಕಾಗಿಲ್ಲ. “ಇಂವಾ ಅಮೆರಿಕದಾಂವ ಅಲ್ರಿ. ನಮ್ಮೂರ ಕ್ವಾಟಿ ಕಂದಕದಾಗ ಇರಾಂವ. ಸಣ್ಣಾಕಿದ್ದಾಗ ನಾ ನೋಡೀನಿ,” ಎಂದಳು. ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ನಾನು ನಗಲಿಲ್ಲ.

ಇಪ್ಪತ್ತು ತಿಂಗಳು ಹೀಗೆ ಹೋಯಿತು. ಆಮೇಲೆ ಅರವತ್ತಾರರ ಬೇಸಿಗೆಯಲ್ಲಿ ನಿನ್ನ ಅವ್ವ ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಎಲ್ಲರಿಗೂ ಹಾಗೆ ಹೇಳಿದೆವು. ಮಾಣಿಕನಗರದಲ್ಲಿ ಬಳೆ ಅಂಗಡಿ ಇಟ್ಟಿರುವ ಅಸ್ಗರಿ ಬಂದು, ಬಾತುಕೊಂಡ ಕೈಯಿಂದ ಬಳೆಗಳನ್ನು ಒಂದೊಂದಾಗಿ ಇಕ್ಕಳದಿಂದ ಒಡೆದು ತೆಗೆದಳು. ಕೈಗೆ ಬಿದಿರಿನ ಪಟ್ಟಿ ಕಟ್ಟಿದರು. ಆ ಒಂದೂವರೆ ತಿಂಗಳಲ್ಲೇ ಅವಳು ಎಡಗೈಯಿಂದ ಚಿತ್ರ ಬರೆಯಲು ಶುರುಮಾಡಿದ್ದು.

ನಾನು ಪುಸ್ತಕ ಹಿಡಿದು ಕೂತರೆ, “ಇನ್ನ ನೀವು ಓದೂದು ಬ್ಯಾಡ್ರಿ. ಮುಂದಿಂದು ನನಗ ಗೊತ್ತದ,” ಎಂದಳು. ಅಷ್ಟೇ. ಹಳೆಯ ಕ್ಯಾಲೆಂಡರುಗಳ ಹಿಂಬದಿಯಲ್ಲಿ ಬರೆದಳು. ಬೇವಿನ ಕಡ್ಡಿಯ ತುದಿ ಅಗಿದು ಕುಂಚ ಮಾಡಿಕೊಂಡಳು. ಅರಿಶಿನ, ಕುಂಕುಮ, ಬಟ್ಟೆಗೆ ಹಾಕುವ ನೀಲಿ, ಕಾಡಿಗೆ ಎಲ್ಲ ಅಂಗಡಿಯಲ್ಲೇ ಇತ್ತು. ಕೈ ನೆಟ್ಟಗಾದ ಮೇಲೂ ಬಿಡಲಿಲ್ಲ. ಹದಿನಾಲ್ಕು ಹಾಳೆ ಆದವು. ಅವನ್ನು ದಬ್ಬಣದಿಂದ ಸುತಳಿ ಹಾಕಿ ಹೊಲಿದಳು. ಅಕ್ಷರ ಒಂದೂ ಇರಲಿಲ್ಲ. ನೀವಿಬ್ಬರೂ ಬಿಸಿಲಿನ ತಟ್ಟೆಯ ಹತ್ತಿರ ತಲೆಗೆ ತಲೆ ಹಚ್ಚಿ ಕೂರುತ್ತಿದ್ದಿರಿ. ನಾನು ಬಂದರೆ ಪುಸ್ತಕ ಸೆರಗಿನ ಕೆಳಗೆ ಹೋಗುತ್ತಿತ್ತು. ಹೆಣ್ಣುಮಕ್ಕಳ ಆಟವೆಂದು ನಾನು ಅಂಗಡಿಗೆ ಮರಳುತ್ತಿದ್ದೆ. ನಿನ್ನ ಬಾಯಿಂದಲೇ ಅಷ್ಟಿಷ್ಟು ಕೇಳಿದ್ದು: ಕೆಸರಪ್ಪ ಹುಡುಗಿಯೊಬ್ಬಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೋಟೆಯ ಸುರಂಗದಲ್ಲಿ ಹೋಗುತ್ತಾನೆ, ಅಲ್ಲಿ ಹಲ್ಲು ಕಡಿಯುವ ರೈಲಿನ ಇಂಜಿನ್ನು ಬರುತ್ತದೆ, ಎರಡು ತಲೆಯ ಬಾವಲಿ ಬರುತ್ತದೆ, ಹೀಗೆ. ಅವಳು ಜನ್ಮದಲ್ಲಿ ರೈಲು ನೋಡಿದವಳಲ್ಲ.

ಎಪ್ಪತ್ತೊಂಬತ್ತರಲ್ಲಿ ನಿನ್ನ ಅವ್ವ, ನನ್ನ ತುಳಜಾ, ಕಾಮಾಲೆ ಬಂದು ಹೋದಳು. ಕಾರ್ಯ ಮುಗಿಸಿ ನೀನು ಕಲ್ಯಾಣಕ್ಕೆ ಹೋದ ಮೇಲೆ, ಅವಳ ಪೆಟ್ಟಿಗೆ ತೆಗೆದೆ. ನೀನು ಆ ಪುಸ್ತಕವನ್ನು ಒಯ್ಯುತ್ತಿದ್ದೆಯೋ ಏನೋ, ಅಳುವಿನಲ್ಲಿ ಮರೆತಿರಬೇಕು. ಹದಿಮೂರು ವರ್ಷದಲ್ಲಿ ಮೊದಲ ಸಲ ನಾನು ಅದನ್ನು ಮೊದಲಿನಿಂದ ನೋಡಿದ್ದು. ಮಧ್ಯಾಹ್ನವೇ. ಅದೇ ಬಿಸಿಲು.

ಚಂದ ಬರೆದಿದ್ದಳು. ಎಷ್ಟು ಚಂದವೆಂದು ನನಗೆ ಬರೆಯಲು ಬರುವುದಿಲ್ಲ. ಕಂದಕದ ನೀರಿಗೆ ನೀಲಿಯನ್ನು ಹೇಗೆ ಬಿಟ್ಟಿದ್ದಳೆಂದರೆ, ನೋಡುತ್ತಿದ್ದರೆ ಕಾಲು ತಣ್ಣಗಾಗುತ್ತಿತ್ತು. ಕೆಸರಪ್ಪ ನೊಗ ಬಿಚ್ಚಿದ ಎತ್ತಿನ ಹಾಗೆ ತಲೆ ತಗ್ಗಿಸಿ ನಡೆಯುತ್ತಿದ್ದ. ನಾನು ನಗುನಗುತ್ತ ಹಾಳೆ ತಿರುವಿದೆ. ಮೂರನೆಯದರಲ್ಲೋ ನಾಲ್ಕನೆಯದರಲ್ಲೋ ಇರಬೇಕು, ಅವನ ಎಡಗಿವಿಯ ಮೇಲೆ ಏನೋ ಕಂಡಿತು. ಬೇರು ಎಂದುಕೊಂಡೆ. ಪೆನ್ಸಿಲ್ಲು. ಮೊಂಡು ಪೆನ್ಸಿಲ್ಲು, ನಾನು ಅಂಗಡಿಯಲ್ಲಿ ಸಿಕ್ಕಿಸಿಕೊಳ್ಳುವ ಹಾಗೆಯೇ. ಕೈ ಹಚ್ಚಿ ನೋಡಿಕೊಂಡೆ, ಆಗಲೂ ಕಿವಿಯ ಮೇಲಿತ್ತು.

ಮುಂದಿನ ಹಾಳೆಗಳಲ್ಲಿ ಅವನು ಮುಟ್ಟಿದ್ದೆಲ್ಲ ಮುರಿಯುತ್ತದೆ. ಬಾಗಿಲು, ಗಡಿಗೆ, ಆಡಿನ ಕಾಲು. ಒಂದು ಹಾಳೆಯಲ್ಲಿ ಅವನು ಹೆಂಗಸೊಬ್ಬಳ ಕೈ ಹಿಡಿದಿದ್ದಾನೆ. ನೆಲದ ಮೇಲೆ ಹಸಿರು ಬಳೆಯ ಚೂರುಗಳು, ಒಂದೊಂದನ್ನೂ ಬೇರೆಬೇರೆಯಾಗಿ ಬರೆದಿದ್ದಾಳೆ. ಬಾಗಿಲ ಮರೆಯಲ್ಲಿ ಹುಡುಗಿ ನಿಂತಿದ್ದಾಳೆ.

ನೀನು ಆ ದಿನ ಮನೆಯಲ್ಲಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಓಣಿಯಲ್ಲಿ ಆಡಲು ಹೋಗಿರುವೆ ಎಂದುಕೊಂಡಿದ್ದೆ.

ಉಳಿದ ಹಾಳೆಗಳನ್ನು ನೋಡದೆ ನಾನು ಸುತಳಿ ಕತ್ತರಿಸಿದೆ. ಒಲೆಗೆ ಹಾಕಲು ಮನಸ್ಸಾಗಲಿಲ್ಲ, ಅವಳ ಕೈಯ ಬಣ್ಣ. ಕಾಗದವನ್ನು ಇಲ್ಲದಂತೆ ಮಾಡಲು ಅಂಗಡಿಕಾರನಿಗೆ ಗೊತ್ತಿರುವುದು ಒಂದೇ ದಾರಿ. ಮರುದಿನದಿಂದ ದಿನಕ್ಕೊಂದು ಹಾಳೆಯಲ್ಲಿ, ಚಿತ್ರದ ಕಡೆ ನೋಡದೆ, ಸಾಮಾನು ಕಟ್ಟಿ ಕೊಟ್ಟೆ. ಓಂಕಾಳು, ಅರಿಶಿನ, ಕೊತ್ತಂಬರಿ ಬೀಜ. ದಾರವನ್ನು ಎಂದಿನಂತೆ ಬಿಗಿಯಾಗಿಯೇ ಸುತ್ತಿದೆ, ಅದನ್ನೂ ಬರೆಯುತ್ತೇನೆ. ಬಳೆಯ ಹಾಳೆಯೊಂದನ್ನು ಮಾತ್ರ ಯಾರ ಕೈಗೂ ಕೊಡಲು ಧೈರ್ಯವಾಗಲಿಲ್ಲ. ತೊಲಗಿ ಹೋಗಲಿ ಎಂದು ನಾನು ಬಯಸಿದ ಹಾಳೆ ಅದೇ, ಮನೆಯಲ್ಲಿ ಉಳಿದದ್ದೂ ಅದೇ. ಐದು ವರ್ಷದಿಂದ ತಕ್ಕಡಿಯ ಪೆಟ್ಟಿಗೆಯ ತಳದಲ್ಲಿದೆ.

ಹೋದ ದೀಪಾವಳಿಗೆ ನೀನು ಬರೆದೆಯಲ್ಲ, ಅವ್ವನ ಪುಸ್ತಕ ಕೂಸಿಗೆ ತೋರಿಸಬೇಕು, ಹುಡುಕಿ ಇಡಿ ಎಂದು, ಅಂದಿನಿಂದ ಅಂಗಡಿ ಹಾಕಿದ ಮೇಲೆ ಮನೆಮನೆಗೆ ತಿರುಗುತ್ತಿದ್ದೇನೆ. ಗಿರಾಕಿಯ ಹೆಸರು ಮರೆಯಬಹುದು, ಯಾರು ಏನು ಒಯ್ದರೆಂಬುದು ನನಗೆ ಮರೆಯುವುದಿಲ್ಲ. ಬಾಣಂತಿಗೆಂದು ಓಂಕಾಳು ಒಯ್ದವರು ರಾಜೇಶ್ವರದವರು. ಹೋಗಿ ಕೇಳಿದರೆ ಇಂಜಿನ್ನಿನ ಹಾಳೆ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ ಹಾಸಿತ್ತು. “ಇದನ್ನ ತೋರಿಸಿದ್ರ ನಮ್ಮ ಕೂಸು ಅಳೂದು ಬಿಡ್ತಿತ್ರಿ. ಹ್ಯಾಂಗ ಕೊಡ್ಲಿ?” ಎಂದಳು ಆ ತಾಯಿ. ಕೂಸಿಗೆ ಈಗ ಐದು ವರ್ಷ, ಅದೇ ಓಡಿ ಬಂದು ಹಾಳೆಯನ್ನು ಜಗ್ಗಿತು. ಹೊಸ ಕ್ಯಾಲೆಂಡರು, ಎರಡು ಮುಷ್ಟಿ ಒಣ ಖರ್ಜೂರ ಕೊಟ್ಟು ಒಪ್ಪಿಸಬೇಕಾಯಿತು. ಸಿಂಪಿಗ ಪಾಂಡುರಂಗ ಒಂದು ಹಾಳೆಯನ್ನು ಅಂಗಿಯ ಕಾಲರಿನ ಅಳತೆಗೆ ಕತ್ತರಿಸಿದ್ದ. ಅದರಲ್ಲಿ ಕೆಸರಪ್ಪನ ಎರಡು ಮೊಣಕಾಲು ಉಳಿದಿವೆ. “ಊರಾಗ ಅರ್ಧ ಮಂದಿ ಕೊರಳಿಗಿ ನಿಮ್ಮ ರಾಕ್ಷಸನ ಅಳತೀನೇ ಅದ ಸಾವಕಾರ್ರ,” ಎಂದು ಅವನು ನಗುತ್ತ ಕೊಟ್ಟ. ಹಾಗೂ ಹೀಗೂ ಆರು ಸಿಕ್ಕಿವೆ, ಬಳೆಯದು ಸೇರಿ ಏಳು. ಆ ಆರೂ ನಿನ್ನೆ ನೀನು ಕೂತಿದ್ದ ಮಂಚದ ಕೆಳಗೇ ಇದ್ದವು. ಕೊನೆಯ ಹಾಳೆ ಸಿಕ್ಕಿಲ್ಲ.

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿ ನೀರು ಕುಡಿದು ಬಂದೆ. ಮೇಲೆ ಮೆಟ್ಟಿಲು ಎಂದು ಬರೆದೆನಲ್ಲ, ಅದನ್ನು ಹೊಡೆದು ಹಾಕಬೇಕೆಂದುಕೊಂಡೆ. ಹಾಗೇ ಬಿಟ್ಟಿದ್ದೇನೆ. ಹದಿನೆಂಟು ವರ್ಷದಿಂದ ಕೈ ಅದನ್ನೇ ಬರೆಯುತ್ತ ಬಂದಿದೆ ಎಂದು ನಿನಗೆ ತಿಳಿಯಲಿ.

ಅವಳು ಬಿದ್ದಿರಲಿಲ್ಲ ಶಕುಂತಲಾ. ನಾನು ಒಂದು ಕಥೆಯ ಕಡೆಯ ಹಾಳೆಯನ್ನು ಮಧ್ಯಾಹ್ನಕ್ಕೆಂದು ಬದಿಗೆ ಎತ್ತಿಟ್ಟು ಸಂತೆಗೆ ಹೋಗಿದ್ದೆ. ಗಿರಾಕಿ ಬಂದರು. ಅವಳು ಆ ಹಾಳೆಯಲ್ಲಿ ಬೆಲ್ಲ ಕಟ್ಟಿ ಕೊಟ್ಟಳು. ಯಾವುದು ಕಥೆ, ಯಾವುದು ರದ್ದಿ ಎಂದು ಅವಳಿಗೆ ಹೇಗೆ ತಿಳಿಯಬೇಕು? ನಾನು ಕಲಿಸಿದ್ದೆನೇ? ಎರಡು ವರ್ಷ ಓದಿ ಹೇಳಿದೆ, ಒಂದು ಅಕ್ಷರ ಕಲಿಸಲಿಲ್ಲ. “ಓದಾಕ ಬರದಾಕಿಗಿ ಎಲ್ಲಾ ಹಾಳಿ ಒಂದ!” ಎಂದು ಒದರಿದೆ. ಅವಳು ನಕ್ಕಳು. “ಹೋಗ್ಲಿ ಬಿಡ್ರಿ, ಕಡೀದು ನಾನ ಹೇಳ್ತೀನಿ,” ಎಂದಳು. ಆ ನಗೆಗೆ ಅವಳ ಕೈ ಹಿಡಿದು ತಿರುವಿದೆ. ಬಳೆ ಒಡೆದ ಸದ್ದಿನೊಳಗೆ ಇನ್ನೊಂದು ಸದ್ದು ಆಯಿತು.

ಮತ್ತೆಂದೂ ಹಾಗೆ ಮಾಡಲಿಲ್ಲ ಎಂದು ಬರೆಯಹೊರಟಿದ್ದೆ. ಮತ್ತೆ ಎಲುಬು ಮುರಿಯಲಿಲ್ಲ, ಅಷ್ಟೇ. ನಾಲ್ಕಾರು ಸಲ ಕೈ ಎತ್ತಿದ್ದೇನೆ. ಅದರಲ್ಲಿ ನೀನು ಎಷ್ಟು ನೋಡಿದ್ದೀಯೋ ನನಗೆ ಗೊತ್ತಿಲ್ಲ. ನೀನು ಎಂದೂ ಕೇಳಲಿಲ್ಲ. ನಿನ್ನೆ ಭರೋಸಾ ಎಂದಾಗ ನಿನ್ನ ಮುಖ ನೋಡಿದೆ. ನೀನು ಮರೆತಿದ್ದೀಯೋ, ಮರೆತಂತೆ ಇದ್ದೀಯೋ, ಅಥವಾ ಪುಸ್ತಕ ಕೇಳಿದ್ದೇ ಇದನ್ನು ಹೊರಗೆ ತೆಗೆಸುವುದಕ್ಕೋ, ಗೊತ್ತಾಗಲಿಲ್ಲ. ನಿನ್ನ ಅವ್ವನ ಮುಖದಲ್ಲಿ ಎಲ್ಲ ಕಾಣುತ್ತಿತ್ತು. ನಿನ್ನದು ನನ್ನ ಮುಖ.

ನಾನು ಈಗ ಅರವತ್ತರ ಹತ್ತಿರ ಬಂದವನು, ಸಿಟ್ಟು ಮೊದಲಿನಂತಿಲ್ಲ, ಕೂಸನ್ನು ಕಂಡರೆ ಪ್ರಾಣ. ಇವೆಲ್ಲ ನಿಜ. ಆದರೆ ಅರವತ್ತಾರರಲ್ಲಿ ನಿನ್ನ ಅವ್ವನನ್ನು ಕಂಡರೂ ನನಗೆ ಪ್ರಾಣವೇ ಇತ್ತು. ಆದ್ದರಿಂದ ನನ್ನ ಮಾತನ್ನು ತಕ್ಕಡಿಗೆ ಹಾಕಬೇಡ. ಹಾಳೆಗಳನ್ನು ಈ ಪತ್ರದ ಜೊತೆಗೆ ಕಟ್ಟಿ ಕಳಿಸುತ್ತಿದ್ದೇನೆ, ಬಳೆಯದು ಮೇಲೇ ಇದೆ. ಕೂಸಿಗೆ ಯಾವುದನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ನೀನು ನೋಡು. ಕಳಿಸುವುದಾದರೆ ಕಳಿಸು, ಇಲ್ಲದಿದ್ದರೆ ಇಲ್ಲ. ನಿನ್ನ ಗಂಡನಿಗೂ ಇದನ್ನು ಓದಿಸು. ಮುಚ್ಚಿಡಬೇಡ, ಮುಚ್ಚಿಡುವುದು ನಮ್ಮ ಮನೆಯಲ್ಲಿ ಸಾಕಷ್ಟಾಯಿತು.

ಇನ್ನೂ ಬರೆಯುವುದಿತ್ತು. ಎರಡು ತಲೆಯ ಬಾವಲಿಯ ಹಾಳೆ ಅಂಚೆ ಕಚೇರಿಯ ಒಡೆದ ಕಿಟಕಿಗೆ ಅಂಟಿಸಿದ್ದರು, ಅದನ್ನು ಬಿಡಿಸಿದ ಕಥೆ ಹೇಳಿದರೆ ನೀನು ನಗುತ್ತಿದ್ದೆ. ಪೋಸ್ಟ್ ಮಾಸ್ತರ ನಾಗನಾಥನು ಗೌರ್ಮೆಂಟ್ ಪ್ರಾಪರ್ಟಿ ಎಂದು ಇಂಗ್ಲ... ಅರೆ, ಸಾಲುಗಳು ಒಂದರ ಮೇಲೊಂದು ಹತ್ತಿವೆ. ಬೆಳಕು ಹೋಗುತ್ತಿದೆ. ಕಾಗದ ಬೆಳ್ಳಗೆ ಕಾಣುತ್ತದೆ, ಬರೆದದ್ದು ಕಾಣುವುದಿಲ್ಲ.

ನಿನ್ನ ಅಪ್ಪ,
ಮಹಾರುದ್ರಪ್ಪ

ತಾ. ಕ.: ಸೋಮವಾರ ಮುಂಜಾನೆ, ಅಂಚೆ ಕಚೇರಿಯ ಕಟ್ಟೆಯ ಮೇಲೆ. ಕೊನೆಯ ಹಾಳೆ ಸಿಕ್ಕಿಲ್ಲ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಅಸ್ಗರಿಯ ಬಳೆ ಅಂಗಡಿಯ ಗೋಡೆಯ ಮೇಲಿದೆ. ಸಂಕ್ರಾಂತಿಗೆ ಹೋಗಿ ಕೇಳಿದೆ. “ಭಾಯಿಸಾಬ್, ಆ ಕೈಯಿಂದ ಬಳಿ ಒಡೆದು ತೆಗೆದಾಕಿ ನಾನು. ನನಗ ಮೆಟ್ಟಿಲ ಕತಿ ಹೇಳಬ್ಯಾಡ್ರಿ. ತುಳಜಾನ ಮಗಳು ಬಂದು ಕೇಳ್ಲಿ, ಕೊಡ್ತೀನಿ. ನಿಮಗ ಕೊಡಾಂಗಿಲ್ಲ,” ಎಂದಳು. ಇಂದು ಮುಂಜಾನೆ ಇಲ್ಲಿಗೆ ಬರುವ ಮೊದಲು ಮತ್ತೆ ಹೋಗಿ ಕೂಸಿನ ಮಾತು ಎತ್ತಿದ್ದಕ್ಕೆ, ರಾತ್ರಿ ತನ್ನ ಹತ್ತಿರ ಮಲಗಲಿ, ನೀವು ಮಧ್ಯಾಹ್ನ ಬಂದು ಕಥೆ ಹೇಳಿ ಹೋಗ್ರಿ, ನಾ ಬಗಲಾಗ ಕೂತಿರ್ತೀನಿ ಎಂದಳು. ನಾನು ಹೂಂ ಎಂದಿದ್ದೇನೆ. ನೀನು ಮಾಣಿಕನಗರದಲ್ಲೇ ಇಳಿದು ಅವಳನ್ನು ಕಾಣಬಹುದು. ನನ್ನ ಮನೆಗೆ ಬರಲೇಬೇಕೆಂದಿಲ್ಲ.

ಕೆಸರಪ್ಪ ಕಡೆಗೆ ಏನಾದ ಎಂದು ನೀನು ಕೇಳಿದ್ದೆ. ಅಸ್ಗರಿಯ ಅಂಗಡಿಯ ಹೊಸ್ತಿಲ ಹೊರಗೆ ನಿಂತು ನಾನು ನೋಡಿದ್ದಿಷ್ಟು. ಅವನನ್ನು ಯಾರೂ ಕೊಂದಿಲ್ಲ. ಕಂದಕದ ಆಚೆ ದಂಡೆಯಲ್ಲಿ ಹುಡುಗಿ ದೊಡ್ಡವಳಾಗಿ ನಡೆದು ಹೋಗುತ್ತಿದ್ದಾಳೆ. ಈಚೆ ದಂಡೆಯಲ್ಲಿ ಅವನು, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು, ಅವುಗಳ ಮೇಲೆ ತಾನೇ ಕೂತಿದ್ದಾನೆ.